ಜೋಳದ ತವರು

ಸಹಧರ್ಮಿಣಿಯನ್ನು ಬಿಟ್ಟು ಗೃಹಸ್ಥನು ಯಾತ್ರೆಗೆ ಹೊರಡಬಾರದೆಂಬುದು ನಮ್ಮ ಹಿರಿಯರ ಮತ. ಸಮುದ್ರವನ್ನು ದಾಟುವುದಾದರೋ ಬೌಧಾಯನ ಧರ್ಮಸೂತ್ರದಲ್ಲಿ ಪಾತಿತ್ಯವನ್ನುಂಟುಮಾಡುವ ಕರ್ಮಗಳ ಸಾಲಿಗೆ ಸೇರಿದೆ. ಅದೇ ಸೂತ್ರಕಾರನು ಉತ್ತರದೇಶೀಯರ ಆಚಾರಗಳನ್ನು ಎಣಿಸುವಾಗ ಸಮುದ್ರಯಾನವನ್ನೂ ಹೇಳಿರುವನು. ನಿಷೇಧವಿದ್ದ ಕಾಲದಲ್ಲಿಯೂ ಜನರು ಕಡಲನ್ನು ದಾಟುತ್ತಲೇ ಇದ್ದರೆಂದು ಇದರಿಂದ ತಿಳಿಯುವುದು. ಪಾಠಶಾಲೆಯಲ್ಲಿ ಈ ಸೂತ್ರಗಳನ್ನು ಓದಿದ ನಾನು 2019ನೆಯ ಇಸವಿಯ ಜುಲೈ ತಿಂಗಳಲ್ಲಿ, ಮಗನ ಕರೆಯನ್ನು ಮನ್ನಿಸಿ, ಪತ್ನೀಸಮೇತನಾಗಿ ತಾಂಜಾನಿಯಾ ದೇಶದ ದಾರ್ ಎಸ್ ಸಲಾಮ್ ಪಟ್ಟಣಕ್ಕೆ ಹೋದೆನು. ಅಲ್ಲಿಂದ ಜಾಂಬಿಯಾ ದೇಶದ ಲಿವಿಂಗ್‌ಸ್ಟನ್ ಪಟ್ಟಣದವರೆಗೆ, ಸುಮಾರು 2,400 ಕಿಲೋಮೀಟರುಗಳ ದಾರಿಯನ್ನು, ನಾವಿಬ್ಬರೂ ಬಸ್ಸಿನಲ್ಲಿಯೇ ಕ್ರಮಿಸಿದೆವು. "ಅರವತ್ತು ದಾಟಿದ ಮ್ಯಾಲ ಆ ಕಾಡುಜನರ ನಾಡಿಗೆ ಯಾಕ್ರೀ ಮಾಸ್ತರೇ?" ಎಂದು ತುರ್ವಿಹಾಳದ ಮಿತ್ರರು ಕೇಳಿದ್ದರು. ಅವರಿಗೆ ಕೊಡತಕ್ಕ ಉತ್ತರವೇ ಈ ಲೇಖನ.

ಮೊದಲನೆಯ ರಾತ್ರಿ ಉಲುಗುರು ಬೆಟ್ಟಗಳ ಬುಡದಲ್ಲಿರುವ ಮೊರೊಗೊರೊ ಎಂಬ ಊರಿನಲ್ಲಿ ತಂಗಿದೆವು. ಪರದೇಶದ ಅನ್ನ ತನಗೆ ಒಗ್ಗುವುದೋ ಇಲ್ಲವೋ ಎಂಬ ಭಯದಿಂದ ನನ್ನ ಮನೆಯವಳು ಅವಲಕ್ಕಿಯ ಗಂಟನ್ನು ಮಡಿಲಿನಲ್ಲಿಯೇ ಇಟ್ಟುಕೊಂಡಿದ್ದಳು. ಮರುದಿನ ಬೆಳಿಗ್ಗೆ ಸಂತೆಯಲ್ಲಿ ಒಬ್ಬ ಮುದುಕಿಯ ಮುಂದಿದ್ದ ಕಾಳಿನ ರಾಶಿಯನ್ನು ಕಂಡು ಅವಳು ಥಟ್ಟನೆ ನಿಂತಳು. ಬೊಗಸೆಯಲ್ಲಿ ತೆಗೆದುಕೊಂಡು, ಊದಿ, ಒಂದು ಕಾಳನ್ನು ಹಲ್ಲಿನಿಂದ ಕಚ್ಚಿದಳು. "ಏನ್ರೀ, ಇದು ನಮ್ಮ ಬಿಳಿಜ್ವಾಳ ಅಲ್ಲೇನ್ರೀ?" ಎಂದಳು. ಅದು ಜೋಳವೇ ಸರಿ. ಅಲ್ಲಿಯವರು ಅದನ್ನು 'ಮ್ತಾಮ' ಎನ್ನುವರು. ಪಕ್ಕದಲ್ಲಿ ರಾಗಿ ಇದ್ದಿತು, ಅದು 'ಉಲೇಜಿ'. ಹುಣಸೆಹಣ್ಣಿದ್ದಿತು, ಅದು 'ಉಕ್ವಾಜು'.

ಜೋಳವನ್ನು ಮಾನವರು ಮೊತ್ತಮೊದಲು ಬಿತ್ತಿ ಬೆಳೆದುದು ಈಗಿನ ಸುಡಾನ್ ದೇಶದ ಪೂರ್ವಭಾಗದಲ್ಲಿ, ಸುಮಾರು 5,000 ವರ್ಷಗಳ ಹಿಂದೆ. ರಾಗಿಯು ಪೂರ್ವ ಆಫ್ರಿಕಾದ ಎತ್ತರದ ನೆಲದಿಂದಲೂ ಸಜ್ಜೆಯು ಆ ಖಂಡದ ಪಶ್ಚಿಮಭಾಗದಿಂದಲೂ ಬಂದುವು. ಹುಣಸೆಯ ಮೂಲವೂ ಆಫ್ರಿಕಾವೇ. ಅರಬರು ಅದನ್ನು ಹಿಂದೂದೇಶದ ಖರ್ಜೂರವೆಂದು ಕರೆಯುವಷ್ಟರ ಮಟ್ಟಿಗೆ ಅದು ನಮ್ಮದಾಗಿಬಿಟ್ಟಿತು. ಸಂಸ್ಕೃತದಲ್ಲಿ ಜೋಳಕ್ಕೆ ಯಾವನಾಲವೆಂಬ ಹೆಸರುಂಟು. ಆ ಮಾತಿನೊಳಗೆ ಯವನಶಬ್ದವು ಕೇಳಿಸುತ್ತದೆ. ತುಂಗಭದ್ರೆಯ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಸೀಮೆಯ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾಗಿರುವುವು. ಅದಕ್ಕೆ ಮುಂಚೆ ತಲತಲಾಂತರದಿಂದ ಈ ಎರೆಯ ನೆಲದವರನ್ನು ಬದುಕಿಸಿದುದು ಜೋಳದ ರೊಟ್ಟಿ. ಇದನ್ನು ಹೇಳಿದಾಗ ನನ್ನ ಮನೆಯವಳು, "ಹಂಗಾದ್ರ ಇದು ನಮ್ಮ ಜ್ವಾಳದ ತವರುಮನಿ" ಎಂದಳು. ಅವಲಕ್ಕಿಯ ಗಂಟು ಅಂದೇ ಬಿಚ್ಚಲ್ಪಟ್ಟು ಆ ಮುದುಕಿಯ ಮೊಮ್ಮಕ್ಕಳ ಪಾಲಾಯಿತು.

ಮೊರೊಗೊರೊವನ್ನು ಬಿಟ್ಟ ಮೇಲೆ ಹೆದ್ದಾರಿಯು ಮಿಕುಮಿ ಎಂಬ ರಕ್ಷಿತಾರಣ್ಯದ ನಡುವೆಯೇ ಸುಮಾರು 50 ಕಿಲೋಮೀಟರು ಹಾಯುವುದು. ಆನೆಗಳೂ ಜಿರಾಫೆಗಳೂ ಕಿಟಕಿಯಿಂದಲೇ ಕಂಡುವು. ಅರಣ್ಯದಾಚೆಯ ಕಣಿವೆಯಲ್ಲಿ ಬಾವೊಬಾಬ್ ವೃಕ್ಷಗಳು ಸಾಲುಸಾಲಾಗಿ ನಿಂತಿದ್ದುವು. ಸವಣೂರಿನಲ್ಲಿ ನಮ್ಮವರು ದೊಡ್ಡಹುಣಸೆಯೆಂದು ಕೈಮುಗಿಯುವ ಮರಗಳು ಇದೇ ಜಾತಿಯವು.

ಆ ದೇಶದಲ್ಲಿ ಕಿರಿಯರು ಹಿರಿಯರನ್ನು ಕಂಡಾಗ 'ಶಿಕಮೋ' ಎನ್ನುವರು. 'ನಿಮ್ಮ ಪಾದಗಳನ್ನು ಹಿಡಿಯುವೆನು' ಎಂಬುದು ಅದರ ಮೂಲಾರ್ಥ. ಹಿರಿಯರು 'ಮರಹಬಾ' ಎಂದು ಒಪ್ಪಿಸಿಕೊಳ್ಳುವರು. ಅಭಿವಾದನ ಪ್ರತ್ಯಭಿವಾದನಗಳ ವಿಧಿಯನ್ನು ಬಾಲ್ಯದಲ್ಲಿ ಗಟ್ಟಿಮಾಡಿದ ನನಗೆ ಇದರಿಂದಾದ ಆನಂದವು ಅಷ್ಟಿಷ್ಟಲ್ಲ. ಅಂಗಡಿಗೆ 'ದುಕಾ', ಬಂಡಿಗೆ 'ಗಾರಿ', ಲೆಕ್ಕಕ್ಕೆ 'ಹೆಸಾಬು' ಎನ್ನುವುದನ್ನು ಕೇಳಿದರೆ ರಾಯಚೂರು ಜಿಲ್ಲೆಯವರಿಗೆ ದುಭಾಷಿಯೇ ಬೇಡ.

ಇರಿಂಗಾದಿಂದ ಎಂಬೆಯಾಕ್ಕೆ ಹೋಗುವಾಗ ನಮ್ಮ ಪಕ್ಕದಲ್ಲಿ ಕುಳಿತ ವೃದ್ಧರೂ ನಿವೃತ್ತ ಉಪಾಧ್ಯಾಯರೇ. ಅಲ್ಲಿ ಉಪಾಧ್ಯಾಯನಿಗೆ 'ಮ್ವಾಲಿಮು' ಎಂಬ ಗೌರವದ ಹೆಸರು. ಆ ದೇಶದ ಪ್ರಥಮ ಅಧ್ಯಕ್ಷರಾದ ಜೂಲಿಯಸ್ ನ್ಯೆರೆರೆಯವರನ್ನೂ ಜನರು ಹಾಗೆಯೇ ಕರೆಯುತ್ತಿದ್ದರು. ಮಧ್ಯಾಹ್ನದವರೆಗೆ ನಾವಿಬ್ಬರೂ ಇಂಗ್ಲಿಷಿನಲ್ಲಿ ಶಾಲೆಯ ಮಾತುಗಳನ್ನಾಡಿದೆವು. ಅನಂತರ ಅವರು ಸ್ವಲ್ಪ ತಡೆದು, "ನನ್ನ ಮೊಮ್ಮಗಳಿಗೆ ಬೆಂಗಳೂರಿನಲ್ಲಿ ಓದುವ ಆಸೆ. ಕಳುಹಿಸಬಹುದೇ?" ಎಂದರು. ಅವರು ಕೇಳಿದುದು ವಿದ್ಯಾಲಯಗಳ ವಿಷಯವನ್ನಲ್ಲ. 2016ನೆಯ ಇಸವಿಯ ಜನವರಿ 31ರಂದು ಬೆಂಗಳೂರಿನ ಹೆಸರಘಟ್ಟದ ಬಳಿ, ಬೇರೊಬ್ಬನು ಮಾಡಿದ ಅಪಘಾತದ ಸಿಟ್ಟಿನಿಂದ ಗುಂಪೊಂದು, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳನ್ನು ಹೊಡೆದಿತ್ತು. ಅದನ್ನು ಅವರು ಬಲ್ಲರು, ನಾನೂ ಬಲ್ಲೆನು. ಸುಳ್ಳು ಧೈರ್ಯವನ್ನು ಹೇಳುವುದಕ್ಕೆ ನನ್ನ ನಾಲಗೆ ಏಳಲಿಲ್ಲ. ನಡೆದುದು ನಡೆಯಬಾರದಾಗಿತ್ತು, ಮುಂದೆ ನಡೆಯಲಾರದೆಂದು ನಾನು ಮಾತು ಕೊಡಲಾರೆನು, ಎಂದೆನು. ನನ್ನ ಮನೆಯವಳು ವಿಷಯವೇನೆಂದು ಕೇಳಿ ತಿಳಿದುಕೊಂಡು, "ಸೂಟಿ ಬಿಟ್ಟಾಗ ನಮ್ಮೂರಿಗೆ ಬರಲಿ ಅನ್ರಿ. ಒಂದು ಮನಿ ಐತಿ ಅಂತ ಆ ಹುಡುಗಿಗೆ ಗೊತ್ತಿರಲಿ" ಎಂದು ನನ್ನಿಂದ ವಿಳಾಸವನ್ನು ಬರೆಯಿಸಿ ಆ ಚೀಟಿಯನ್ನು ಅವರ ಕೈಯಲ್ಲಿಟ್ಟಳು. ಅವರು ಅದನ್ನು ಎರಡು ಸಲ ಓದಿಕೊಂಡು ಜೇಬಿನಲ್ಲಿಟ್ಟುಕೊಂಡರು.

ತುಂಡುಮಾ ಎಂಬಲ್ಲಿ ಗಡಿಯನ್ನು ದಾಟಿ, ಲುಸಾಕಾದ ಮೂಲಕ ಜಾಂಬೆಜಿ ನದಿಯನ್ನು ಸೇರಿದೆವು. 1.7 ಕಿಲೋಮೀಟರು ಅಗಲದ ಆ ನದಿಯು 108 ಮೀಟರು ಆಳಕ್ಕೆ ಧುಮುಕುವುದು. ಗುಡುಗುವ ಹೊಗೆಯೆಂದು ಅದಕ್ಕೆ ಅಲ್ಲಿಯವರಿಟ್ಟ ಹೆಸರು ಅನ್ವರ್ಥವಾದುದು. ನನ್ನ ಮನೆಯವಳು ತುಂಗಭದ್ರೆಗೆ ಮಾಡುವಂತೆಯೇ ಅರಿಸಿನ ಕುಂಕುಮಗಳನ್ನು ನೀರಿಗೆ ಬಿಟ್ಟು ನಮಸ್ಕರಿಸಿದಳು.

ಆಫ್ರಿಕಾದಿಂದ ಬಂದುದು ಧಾನ್ಯವೊಂದೇ ಅಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಲ್ಪಟ್ಟ ಮಲಿಕ್ ಅಂಬರನು 1626ರಲ್ಲಿ ಕಾಲವಶನಾಗುವವರೆಗೆ ಅಹಮದನಗರದ ರಾಜ್ಯವನ್ನು ಮೊಗಲರಿಂದ ಕಾಪಾಡಿದನು. ಯಲ್ಲಾಪುರ, ಹಳಿಯಾಳ ಸೀಮೆಯ ಸಿದ್ದಿಗಳು ಅದೇ ಖಂಡದ ಮೂಲದವರು. ಎಷ್ಟೋ ತಲೆಮಾರುಗಳಿಂದ ಕನ್ನಡನಾಡಿನವರು. ಆದರೂ ಅವರನ್ನು "ಯಾವ ದೇಶದವರು?" ಎಂದು ಕೇಳುವವರು ಇಂದಿಗೂ ಇರುವರು. ಧಾನ್ಯವನ್ನು ಅಡಿಗೆಯ ಮನೆಯೊಳಕ್ಕೆ ಬರಮಾಡಿಕೊಂಡವರು ಮನುಷ್ಯನನ್ನು ಬಾಗಿಲಲ್ಲಿ ನಿಲ್ಲಿಸುವುದು ಯಾವ ಧರ್ಮ?

ಆ ಹುಡುಗಿಯು ಇನ್ನೂ ಬಂದಿಲ್ಲ. ಒಂದು ದಿನ ಚೀಟಿಯನ್ನು ಹಿಡಿದುಕೊಂಡು ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಇಳಿದರೆ, ಅವಳಿಗೆ ತುರ್ವಿಹಾಳದ ದಾರಿಯನ್ನು ತೋರಿಸತಕ್ಕವರು ಈ ಪತ್ರಿಕೆಯ ವಾಚಕರೇ ಆಗಿರುವರು.