ಕಲಿಕೆಯ ಒಲವು, ಕಲಿಸುವ ಹೊಣೆ

ಈ ಮಗು ಕಣ್ಣಿನಿಂದ ಕಲಿಯುವುದು, ಆ ಮಗು ಕಿವಿಯಿಂದ ಕಲಿಯುವುದು ಎಂದು ವಿಂಗಡಿಸುವ ರೂಢಿ ಅನೇಕ ಶಾಲೆಗಳಲ್ಲಿ ಬೇರೂರಿದೆ. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ 1992ರಲ್ಲಿ ಸಹಲೇಖಕಿಯೊಡನೆ ನೋಟ, ಶ್ರವಣ, ಓದು-ಬರಹ, ಕ್ರಿಯೆ ಎಂಬ ನಾಲ್ಕು ಒಲವುಗಳನ್ನು ಮುಂದಿಟ್ಟರು. ಒಲವುಂಟೆಂಬುದು ಸುಳ್ಳಲ್ಲ. ಆದರೆ ಒಲವಿಗೆ ಹೊಂದಿಸಿ ಕಲಿಸಿದರೆ ಕಲಿಕೆ ಹೆಚ್ಚುವುದೆಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದು 2008ರಲ್ಲಿ ಹೆರಾಲ್ಡ್ ಪಾಷ್ಲರ್ ಹಾಗೂ ಇತರ ಮೂವರು ಮನೋವಿಜ್ಞಾನಿಗಳು ಸಂಶೋಧನೆಗಳನ್ನು ಪರಿಶೀಲಿಸಿ ತಿಳಿಸಿದರು. ಹಾಗಿರುವಾಗ, ಕಿವಿಯವನೆಂದು ಹೆಸರಿಟ್ಟು ಓದಿನಿಂದ ದೂರವಿರಿಸಿದ ಬಾಲಕನ ನಷ್ಟವನ್ನು ಯಾರ ಖಾತೆಗೆ ಖರ್ಚು ಬರೆಯುವುದು?

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಸ್ವಾಧ್ಯಾಯವನ್ನು ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ ಎಂದು ಐದು ವಿಧವಾಗಿ ಹೇಳುತ್ತದೆ: ಓದುವುದು, ಪ್ರಶ್ನಿಸುವುದು, ಮನನ ಮಾಡುವುದು, ಶುದ್ಧವಾಗಿ ಪಠಿಸುವುದು, ಪರರಿಗೆ ತಿಳಿಸುವುದು. ಇವು ಐವರು ಶಿಷ್ಯರಿಗೆ ಹಂಚಿದ ಪಾಲುಗಳಲ್ಲ. ಒಬ್ಬನೇ ನಡೆಸತಕ್ಕ ಅಭ್ಯಾಸಗಳು.

ವಿಧಾನವನ್ನು ನಿರ್ಣಯಿಸಬೇಕಾದುದು ಬಹುಮಟ್ಟಿಗೆ ವಿಷಯವೇ. ಭೂಪಟವನ್ನು ಎಲ್ಲರೂ ನೋಡಲೇಬೇಕು, ರಾಗವನ್ನು ಎಲ್ಲರೂ ಕೇಳಲೇಬೇಕು. ಭಿನ್ನರಾಶಿ ತಿಳಿಯದ ಮಗುವಿಗೆ ಮೊದಲು ರೊಟ್ಟಿಯನ್ನು ನಾಲ್ಕಾಗಿ ಮುರಿದು ತೋರಿಸಬೇಕು, ಅನಂತರ ಅಂಕಿಗಳಲ್ಲಿ ಬರೆಯಿಸಬೇಕು. ಮರುದಿನ ಪುಸ್ತಕ ಮುಚ್ಚಿಸಿ, ಅದರ ಬಾಯಿಂದಲೇ ತಂಗಿಗೆ ಹೇಳಿಸಬೇಕು.