ಚಪ್ಪಲಿ ಬಿಡುವ ಜಾಗ

ಹೋದ ವರ್ಷ ನಮ್ಮ ಟೀಮಿಗೆ ಒಂದು ಕೆಲಸ ಬಂತು. ಡಾಕ್ಟರ ಹತ್ತಿರ ನಂಬರ್ ಹಚ್ಚುವ ಆ್ಯಪನ್ನು ಕನ್ನಡಕ್ಕೆ ತರಬೇಕು. ಟೀಮಿನಲ್ಲಿ ಕನ್ನಡ ಬರೆಯಲು ಬರುವವನು ನಾನೊಬ್ಬನೇ. ಎರಡು ವಾರ ಕೂತು ಎಲ್ಲ ಸಾಲುಗಳನ್ನೂ ಅನುವಾದ ಮಾಡಿದೆ. ಐನಾಪುರದಲ್ಲಿರುವ ಅವ್ವನ ಫೋನಿಗೂ ತಮ್ಮನಿಗೆ ಹೇಳಿ ಹಾಕಿಸಿದೆ. ಮರುದಿನ ಅವ್ವನ ಫೋನ್ ಬಂತು.

"ಇದ್ಯಾ ಊರ ಕನ್ನಡನೋ ಯಪ್ಪಾ? ಸಮಾಲೋಚನೆ ಕಾಯ್ದಿರಿಸಿ ಅಂದ್ರೇನು? ದವಾಖಾನಿ ಅಂತ ಬರದ್ರ ಏನಾಗ್ತದ?"

ಚಿಂಚೋಳಿ ತಾಲ್ಲೂಕಿನ ನಮ್ಮೂರ ಕಡೆ 1948ರ ತನಕ ನಿಜಾಮನ ಆಳ್ವಿಕೆ. ನಮ್ಮ ಮಾತಿನಲ್ಲಿ ಉರ್ದು, ತೆಲುಗು ಎರಡೂ ಬೆರೆತಿವೆ. ಬೆಂಗಳೂರಿಗೆ ಬಂದ ಮೇಲೆ ಯಾರೂ ನಗಬಾರದು ಅಂತ ಆ ಶಬ್ದಗಳನ್ನು ನಾನೇ ಒಂದೊಂದಾಗಿ ನಾಲಿಗೆಯಿಂದ ಕಿತ್ತು ಹಾಕಿದ್ದೆ. ಆ್ಯಪಿನಲ್ಲಿ ಬರೆದಿದ್ದು ಹೀಗೆ ತೊಳೆದಿಟ್ಟ ಕನ್ನಡ. ಅವ್ವನಿಗೆ ಅದು ಇಂಗ್ಲಿಷಿನಷ್ಟೇ ದೂರ.

ನನ್ನ ಗೋಳು ಕೇಳಿ ಆಫೀಸಿನ ಗೆಳೆಯನೊಬ್ಬ ನಕ್ಕ. ಅವನು ಹುಟ್ಟಾ ಕ್ಯಾಥೊಲಿಕ್. "ಇದೇ ಬಗ್ ನಮ್ಮ ಚರ್ಚಿನಲ್ಲೂ ಇತ್ತು. ಫಿಕ್ಸ್ ಮಾಡೋಕೆ ಹೊರಟವರೂ ಒಬ್ಬರಿದ್ದರು, ಬಾ ತೋರಿಸ್ತೀನಿ" ಅಂತ ಒಂದು ಭಾನುವಾರ ಹಚಿನ್ಸ್ ರಸ್ತೆಗೆ ಕರೆದುಕೊಂಡು ಹೋದ. ಅಲ್ಲಿ ಕ್ಯಾಥೊಲಿಕರ ರಾಷ್ಟ್ರೀಯ ಬೈಬಲ್, ಧರ್ಮಬೋಧನೆ ಮತ್ತು ಪೂಜಾವಿಧಿ ಕೇಂದ್ರ ಇದೆ. ಎಲ್ಲರ ಬಾಯಲ್ಲಿ ಅದು ಎನ್‌ಬಿಸಿಎಲ್‌ಸಿ. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ನೆಲದ ಮೇಲೆ ಕೂತೆವು. ನನಗೆ ನಮ್ಮೂರ ಕಡೆಯ ಮಠದಲ್ಲಿ ಕೂತ ಹಾಗೇ ಅನ್ನಿಸಿತು.

ಈ ಕೇಂದ್ರ ಕಟ್ಟಿದವರು ಡಿ.ಎಸ್. ಅಮಲೋರ್ಪವದಾಸ್. 1932ರಲ್ಲಿ ತಮಿಳುನಾಡಿನ ಹಳ್ಳಿಯೊಂದರಲ್ಲಿ ಹುಟ್ಟಿದವರು. ಪಾದ್ರಿಯಾದರು, ಪ್ಯಾರಿಸ್ಸಿಗೆ ಹೋಗಿ ದೈವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದರು. ವಾಪಸ್ ಬಂದು 1967ರ ಹೊತ್ತಿಗೆ ಬೆಂಗಳೂರಿನಲ್ಲಿ ಈ ಕೇಂದ್ರ ಶುರು ಮಾಡಿದರು. ಆಗಷ್ಟೇ ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ಮುಗಿದಿತ್ತು. ಶತಮಾನಗಳಿಂದ ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದ ಬಲಿಪೂಜೆಯನ್ನು ಜನರ ಭಾಷೆಯಲ್ಲಿ ಮಾಡಬಹುದು ಅಂತ ಆ ಸಭೆ ದಾರಿ ತೆರೆದಿತ್ತು. ಎಲ್ಲ ಕಡೆ ಅನುವಾದ ಶುರುವಾಯಿತು.

ಅನುವಾದ ಸಾಲದು ಅಂತ ಅಮಲೋರ್ ಅವರಿಗೆ ಅನ್ನಿಸಿತು. ಶಬ್ದ ಬದಲಾಯಿತು, ಆದರೆ ಮೊಣಕಾಲೂರುವುದು, ವಸ್ತುಗಳಿಗೆ ಮುತ್ತಿಡುವುದು, ಮೇಣದ ಬತ್ತಿ ಹಚ್ಚುವುದು ಎಲ್ಲ ಯುರೋಪಿನದೇ. ಅಂದ್ರೆ ಸ್ಟ್ರಿಂಗ್ ಫೈಲ್ ಬದಲಾಗಿದೆ, ಆ್ಯಪ್ ಹಳೆಯದೇ. ಮನುಷ್ಯ ಬಾಯಿಂದಷ್ಟೇ ಪ್ರಾರ್ಥಿಸುವುದಿಲ್ಲ, ಮೈಗೂ ಒಂದು ಮಾತೃಭಾಷೆ ಇದೆಯಲ್ಲ!

1969ರ ಏಪ್ರಿಲ್‌ನಲ್ಲಿ ಭಾರತದ ಬಿಷಪ್ಪರು ಕೇಳಿದ 12 ಬದಲಾವಣೆಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರಬಹುದು. ಮೊಣಕಾಲೂರುವ ಬದಲು ಕೈ ಮುಗಿದು ಬಾಗಬಹುದು. ಮುತ್ತಿಡುವ ಬದಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬಹುದು. ಮೇಣದ ಬತ್ತಿಯ ಜಾಗದಲ್ಲಿ ಎಣ್ಣೆ ದೀಪ, ಜೊತೆಗೆ ಆರತಿ. ಇದನ್ನು ದೇಶದ ತುಂಬ ಕಲಿಸುತ್ತ ಓಡಾಡಿದ ದೊಡ್ಡ ಶಕ್ತಿ ಅಮಲೋರ್ ಅವರೇ. ಅವರಿಗೆ ಇದು ಅಲಂಕಾರದ ಮಾತಾಗಿರಲಿಲ್ಲ. ದೇವರೇ ಒಂದು ಊರಲ್ಲಿ ಹುಟ್ಟಿ, ಆ ಊರ ಮಾತಾಡಿ, ಅಲ್ಲಿಯವರ ಜೊತೆ ಉಂಡ ಅಂತ ಕ್ರೈಸ್ತರು ನಂಬುತ್ತಾರೆ. ಹಾಗಿದ್ದ ಮೇಲೆ ಚರ್ಚ್ ಕೂಡ ಪ್ರತಿ ಮಣ್ಣಲ್ಲೂ ಹೊಸದಾಗಿ ಹುಟ್ಟಬೇಕು ಅನ್ನುವುದು ಅವರ ವಾದ. 1974ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೈಬಲ್ ಅಲ್ಲದ ಧರ್ಮಗ್ರಂಥಗಳನ್ನು ಕ್ರೈಸ್ತರು ಹೇಗೆ ಓದಬೇಕು ಅಂತ ಬೆಂಗಳೂರಿನಲ್ಲಿ ವಿಚಾರಗೋಷ್ಠಿಯನ್ನೇ ಮಾಡಿಸಿದರು. ಪೂಜೆಯಲ್ಲಿ ಅವನ್ನು ಓದುವುದಕ್ಕೆ ಮಾತ್ರ ರೋಮ್ ಒಪ್ಪಲಿಲ್ಲ.

ಬೈಗುಳ ಎರಡೂ ಕಡೆಯಿಂದ ಬಿತ್ತು. ಚರ್ಚನ್ನು ಹಿಂದೂ ಮಾಡುತ್ತಿದ್ದಾರೆ ಅಂತ ಕೆಲವು ಕ್ಯಾಥೊಲಿಕರು, ಇದು ಮತಾಂತರದ ಹೊಸ ವೇಷ ಅಂತ ಕೆಲವು ಹಿಂದೂಗಳು. ಅವರು ಮೈಸೂರಿಗೆ ಹೋಗಿ ಅಂಜಲಿ ಆಶ್ರಮ ಕಟ್ಟಿದರು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮದ ಪ್ರಾಧ್ಯಾಪಕರಾದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಇದನ್ನೆಲ್ಲ ಓದಿ, ನನ್ನ ಆ್ಯಪಿಗೆ ಗುರು ಸಿಕ್ಕರು ಅಂತ ಖುಷಿಯಾದೆ. ಹುಡುಕುತ್ತ ಹೋದಾಗ ಮೂರನೆಯ ಟೀಕೆಯೊಂದು ಸಿಕ್ಕಿತು. ಅದು ನನ್ನನ್ನು ಹಿಡಿದು ನಿಲ್ಲಿಸಿತು.

1980ರ ದಶಕದಲ್ಲಿ ಇದೇ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅನ್ನುವ ಪ್ರೊಟೆಸ್ಟಂಟ್ ಚಿಂತಕರಿದ್ದರು. ದಲಿತ ದೈವಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಭಾರತದ ಕ್ರೈಸ್ತರಲ್ಲಿ ಹೆಚ್ಚಿನವರು ದಲಿತರು. ಆದರೆ ಭಾರತೀಯ ಕ್ರೈಸ್ತ ಚಿಂತನೆ ಅಂದ ಕೂಡಲೇ ಎಲ್ಲರೂ ಹೋಗುವುದು ವೇದಾಂತದ ಕಡೆಗೇ ಅನ್ನುವುದು ಅವರ ತಕರಾರು. ಇದನ್ನೇ ಅಮಲೋರ್ ಅವರ ದಾರಿಗೂ ಕೇಳಬಹುದು. ಸಂಸ್ಕೃತಿ ನಮ್ಮದೇ ಇರಲಿ ಸರಿ, ಆದರೆ ನಮ್ಮೊಳಗೆ ಯಾರದು?

ನನಗೆ ನೆನಪಾಗಿದ್ದು ನಮ್ಮ ಮುತ್ಯಾ. ನಾನು ಸಣ್ಣವನಿದ್ದಾಗ ಅವರು ಸಂಜೆ ಕಟ್ಟೆ ಮೇಲೆ ಕೂತಿರುತ್ತಿದ್ದರು. ಆ ಕೇರಿಯ ಹಿರಿಯರು ನಮ್ಮ ಮನೆ ಮುಂದೆ ದಾಟುವಾಗ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಹೋಗುತ್ತಿದ್ದರು. ಮುತ್ಯಾ ಬೇಡ ಅಂದಿದ್ದು ನಾನು ಒಮ್ಮೆಯೂ ಕೇಳಿಲ್ಲ. ಅದು ಗೌರವ ಅಂತಲೇ ನಾನೂ ತಿಳಿದಿದ್ದೆ. ಚಪ್ಪಲಿ ಬಿಡುವುದು ನನ್ನ ಮೈಗೆ ಭಕ್ತಿ. ಅವರ ಮೈಗೆ ಅದು ಏನಾಗಿತ್ತು? ಚರ್ಚಿನ ನೆಲದ ಮೇಲೆ ಕೂತಾಗ ನನಗೆ ಮನೆಗೆ ಬಂದ ಹಾಗೆ ಅನ್ನಿಸಿದ್ದು, ಆ ಮನೆ ನನ್ನದಾಗಿದ್ದರಿಂದ.

ಆ್ಯಪನ್ನು ಮತ್ತೆ ಕೂತು ತಿದ್ದಿದೆ. ದವಾಖಾನಿ ಬಂತು, ಸಮಾಲೋಚನೆ ಹೋಯಿತು. 'ನಿಮ್ಮ ಹೆಸರು ಬರೆಯಿರಿ' ಅನ್ನುವುದನ್ನು ಮನೆ ಮಾತಿನ ಹಾಗೆ 'ನಿನ್ನ ಹೆಸರು ಬರಿ' ಅಂತ ಮಾಡಿದೆ. ಅವ್ವ ಪಾಸ್ ಮಾಡಿದಳು. ಈ ಸಲ ಆ ಕೇರಿಯ ನನ್ನ ಶಾಲೆಯ ಗೆಳೆಯನಿಗೂ ಎರಡೂ ಆವೃತ್ತಿ ಕಳಿಸಿದೆ, ಅಪ್ಪಗ ತೋರಿಸು ಅಂತ. ಮುತ್ಯಾನ ಕಟ್ಟೆ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ಹೋಗುತ್ತಿದ್ದವರಲ್ಲಿ ಅವನ ಅಪ್ಪನೂ ಒಬ್ಬರು. ಸಂಜೆ ಅವನ ಫೋನ್ ಬಂತು.

"ದವಾಖಾನಿ ಚೊಲೊ ಆತು, ಲಗೂ ತಿಳಿತು ಅಂದ ಅಪ್ಪ. ಆದ್ರ ಮೊದಲಿಂದು ಬರಿಯಿರಿ ಅಂತಿತ್ತಲ್ಲ, ಅದು ಇರ್ಲಿ ಅಂದ. ಊರಾಗ ನಮ್ಮಪ್ಪಗ 'ರೀ' ಅನ್ನೋರು ಯಾರದಾರ ಹೇಳು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವ್ವನಿಗೆ ದೂರ ಅನ್ನಿಸಿದ ಆ ಪುಸ್ತಕದ ಕನ್ನಡವೇ, ಈ ಒಂದು ಕಡೆ ನಮ್ಮೂರ ಮಾತಿಗಿಂತ ಹೆಚ್ಚು ಮರ್ಯಾದೆ ಬಲ್ಲದ್ದಾಗಿತ್ತು.

ಅಮಲೋರ್ ಕೇಳಿದ ಪ್ರಶ್ನೆ ಸರಿಯಾದದ್ದು ಅಂತ ಈಗಲೂ ಅನ್ನುತ್ತೇನೆ. ಊರ ಮಣ್ಣಲ್ಲಿ ಬೇರು ಬಿಡದ್ದು ಬಾಳುವುದಿಲ್ಲ. ಆದರೆ ಊರನ್ನು ಕೇಳುವಾಗ ಎರಡೂ ಕೇರಿಗೆ ಹೋಗಿ ಕೇಳಬೇಕು.

ದವಾಖಾನಿ ಉಳಿಯಿತು. 'ಬರೆಯಿರಿ'ಯನ್ನು ವಾಪಸ್ ಹಾಕಿದೆ.