ನಿಷ್ಠೆಯ ಲೆಕ್ಕ

ಚುನಾವಣೆ ಹತ್ತಿರ ಬಂದರೆ ಸಾಕು, ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಯ ಹೋಟೆಲುಗಳಲ್ಲಿ ಒಂದೇ ಮಾತು: "ಈ ಸಲ ಬ್ಯಾರಿಗಳ ಓಟು ಒಡೀತದಾ? ಕ್ರಿಶ್ಚನ್ನರು ಆಚೆ ಹೋಗ್ತಾರಾ?" ಮಿಕ್ಕವರು ಪಕ್ಷ ಬಿಟ್ಟರೆ ಅದಕ್ಕೆ ಅಲೆ ಎನ್ನುತ್ತಾರೆ. ಅಲ್ಪಸಂಖ್ಯಾತರು ಬಿಟ್ಟರೆ ದ್ರೋಹ ಎನ್ನುತ್ತಾರೆ. ನಮ್ಮ ಕೇರಿಗೂ ಇದೇ ಮಾತು ಬರುತ್ತದೆ. "ನಿಮ್ಮವರು ಹೇಗೂ ನಮ್ಮವರೇ ಅಲ್ವಾ ಮಾರಾಯ್ರೆ?" ಹೀಗೆ ಹೇಳುವವರು ನಮ್ಮ ಅಂಗಳ ದಾಟಿ ಒಳಗೆ ಬಂದು ನೀರು ಕುಡಿದವರಲ್ಲ.

ಸಾಮಾಜಿಕ ಪ್ರಶ್ನೆಗಳು ಈ ನಿಷ್ಠೆಯನ್ನು ಬದಲಿಸಬಲ್ಲವೇ? ಬದಲಿಸಿದ್ದುಂಟು. ನಮ್ಮ ನೆಲದಲ್ಲೇ ಉಂಟು.

1972ರಲ್ಲಿ ಬಂಟ್ವಾಳ ಗೆಲ್ಲಿಸಿದ್ದು ಕಮ್ಯುನಿಸ್ಟ್ ಬಿ.ವಿ. ಕಕ್ಕಿಲ್ಲಾಯರನ್ನು. 1974ರ ಮಾರ್ಚ್ 1ರಿಂದ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿಭೂಮಿ ಸರ್ಕಾರದ್ದಾಯಿತು, ಉಳುವವನು ಅರ್ಜಿ ಹಾಕಿದರೆ ಅವನ ಹಕ್ಕು ತೀರ್ಮಾನಿಸಲು ನ್ಯಾಯಮಂಡಳಿ ಬಂತು. ಧಣಿಯ ಚಾವಡಿಗೆ ಮುಡಿಗಟ್ಟಲೆ ಅಕ್ಕಿ ಹೊತ್ತು ಹಾಕಿದ್ದ ಬ್ಯಾರಿ, ಕ್ರಿಶ್ಚನ್, ಬಿಲ್ಲವ ಒಕ್ಕಲುಗಳು ಒಟ್ಟಿಗೇ 7ನೇ ನಮೂನೆ ತುಂಬಿದರು. 1978ರಲ್ಲಿ ಅದೇ ಬಂಟ್ವಾಳ ಇಂದಿರಾ ಕಾಂಗ್ರೆಸ್ಸಿನ ಬಿ.ಎ. ಮೊಯ್ದೀನ್ ಅವರನ್ನು ವಿಧಾನಸಭೆಗೆ ಕಳಿಸಿತು. ಮುಸ್ಲಿಮರ ಓಟಿನಿಂದಲೇ ಗೆಲ್ಲಬಹುದಾದ ಕ್ಷೇತ್ರ ಅದಲ್ಲ. ಹೊಟ್ಟೆಯ ಪ್ರಶ್ನೆ ಮುಂದೆ ಬಂದಾಗ ಹೆಸರಿನ ಪ್ರಶ್ನೆ ಹಿಂದೆ ಸರಿಯಿತು. ಆಮೇಲೆ ಬಂಟ್ವಾಳ ಇನ್ನೊಬ್ಬ ಮುಸ್ಲಿಂ ಶಾಸಕರನ್ನು ಕಂಡಿಲ್ಲ.

ಆದರೆ ಆ ಕಾನೂನು ಗೇಣಿದಾರನಿಗೆ. ಗದ್ದೆಯ ಕೆಸರಲ್ಲಿ ಸೊಂಟ ಮುರಿದುಕೊಂಡ ನಮ್ಮ ಹಿರಿಯರು ಗೇಣಿದಾರರಲ್ಲ, ಮೂಲದ ಆಳುಗಳು. ಗೇಣಿಚೀಟಿ ಇಲ್ಲದವನಿಗೆ ನಮೂನೆ ಎಲ್ಲಿಯದು? ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದೇ ಮೀಸಲಿಟ್ಟ ಡಿ.ಸಿ. ಮನ್ನಾ ಭೂಮಿಗಾಗಿ ನಮ್ಮವರು ವರ್ಷಗಟ್ಟಲೆ ಧರಣಿ ಕೂರಬೇಕಾಯಿತು. ಕೊರಗರಿಗೆ ಅಂಟಿದ್ದ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬರಲು 2000ದ ಇಸವಿ ಆಗಬೇಕಾಯಿತು. ಆದರೂ ಋಣ ತೀರಿಸಿ ಎಂದು ನಮ್ಮನ್ನೇ ಕೇಳುತ್ತಾರೆ. ಯಾವ ಋಣ?

ಇನ್ನು 'ಅಲ್ಪಸಂಖ್ಯಾತ' ಅನ್ನುವುದೂ ಒಂದೇ ಮುದ್ದೆಯಲ್ಲ. ಸಾವಿರ ಕಂಬದ ಬಸದಿಯ ಮೂಡಬಿದ್ರೆಯಲ್ಲಿ ಜೈನರೂ ಇದ್ದಾರೆ. 2014ರಿಂದ ಕೇಂದ್ರದ ಪಟ್ಟಿಯಲ್ಲೂ ಅವರು ಅಲ್ಪಸಂಖ್ಯಾತರು. ಗೇಣಿ ಪಡೆದ ಜೈನ ಬೀಡಿನ ಧಣಿಯೂ ಗೇಣಿ ಕೊಟ್ಟ ಬ್ಯಾರಿ ಒಕ್ಕಲೂ ಕಾಗದದ ಮೇಲೆ ಒಂದೇ. ಗದ್ದೆಯ ಬದುವಿನ ಮೇಲೆ ಒಂದೇ ಆಗಿದ್ದರೇ?

ಭೂಮಿಯ ಮಾತು ಮುಗಿದ ಮೇಲೆ ಭಯದ ಮಾತು ಶುರುವಾಯಿತು. 2008ರ ಮೇ ತಿಂಗಳಲ್ಲಿ ಈ ಮೂರೂ ಕ್ಷೇತ್ರಗಳನ್ನು ಕಾಂಗ್ರೆಸ್ ಗೆದ್ದಿತು. ಆದರೆ ರಾಜ್ಯದಲ್ಲಿ ಬಂದದ್ದು ಬಿಜೆಪಿ ಸರ್ಕಾರ. ಸೆಪ್ಟೆಂಬರಿನಲ್ಲಿ ಜಿಲ್ಲೆಯ ಚರ್ಚುಗಳ ಮೇಲೆ ದಾಳಿಯಾಯಿತು. 2013ರಲ್ಲಿ ದಕ್ಷಿಣ ಕನ್ನಡದ 8 ಸ್ಥಾನಗಳಲ್ಲಿ 7 ಕಾಂಗ್ರೆಸ್ಸಿಗೆ. 2018ರಲ್ಲಿ ಲೆಕ್ಕ ಮಗುಚಿತು, 7 ಬಿಜೆಪಿಗೆ. ರಮಾನಾಥ ರೈ, ವಸಂತ ಬಂಗೇರ, ಅಭಯಚಂದ್ರ ಜೈನ್ ಮೂವರೂ ಸೋತರು. 2022ರ ಹಿಜಾಬ್ ಆದೇಶ, 2023ರ ಮಾರ್ಚಿನಲ್ಲಿ ಮುಸ್ಲಿಮರ ಶೇಕಡಾ 4 ಮೀಸಲಾತಿ ರದ್ದು ಮಾಡುವ ತೀರ್ಮಾನ, ಇಷ್ಟೆಲ್ಲ ಆಗಿ ರಾಜ್ಯದಲ್ಲಿ ಸರ್ಕಾರ ಬದಲಾದರೂ ಈ ಮೂರು ಕ್ಷೇತ್ರ ಬದಲಾಗಲಿಲ್ಲ.

ಹಾಗಾದರೆ ಜಾಗ ಬಿಟ್ಟವರು ಯಾರು? ಮಸೀದಿ, ಇಗರ್ಜಿಗಳಿಗೆ ಹೋಗುವವರು ಒಟ್ಟಾಗಿ ಆಚೆ ಹೋದದ್ದರಿಂದ ಇದು ಆಯಿತೆಂದು ಯಾವ ಪಕ್ಷದವನೂ ಹೇಳುವುದಿಲ್ಲ. 7ನೇ ನಮೂನೆಯಲ್ಲಿ ಗದ್ದೆ ಪಡೆದವರ ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿ ಅಂದಿನ ಧಣಿಗಳ ಜೊತೆ ಒಂದೇ ಧ್ವಜದ ಕೆಳಗೆ ನಿಂತರು. ಅವರ ನಿಷ್ಠೆಯ ಲೆಕ್ಕವನ್ನು ಮಾತ್ರ ಯಾರೂ ಕೇಳಲಿಲ್ಲ. ಬೆಳ್ತಂಗಡಿಯ ವಸಂತ ಬಂಗೇರರು 1983ರಲ್ಲೂ 1985ರಲ್ಲೂ ಬಿಜೆಪಿಯಿಂದ, 1994ರಲ್ಲಿ ಜನತಾದಳದಿಂದ, 2008, 2013ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. ನಾಯಕ ಮೂರು ಮನೆ ಬದಲಿಸಬಹುದು, ಬಡ ಬ್ಯಾರಿಯ ಓಟು ಮಾತ್ರ ಕಂಬಕ್ಕೆ ಕಟ್ಟಿದ ದನದ ಹಾಗೆ ಇರಬೇಕು. ಇದು ಯಾವ ನ್ಯಾಯ?

ಭಯದಿಂದ ಬಿದ್ದ ಓಟನ್ನು ನಿಷ್ಠೆ ಎಂದು ಕರೆಯುವುದು ಮೋಸ. ಒಂದು ಪಕ್ಷ ಹೊಡೆಯುತ್ತದೆಂಬ ಹೆದರಿಕೆ ಇರುವವರೆಗೆ ಇನ್ನೊಂದು ಪಕ್ಷ ಏನನ್ನೂ ಕೊಡಬೇಕಾಗಿಲ್ಲ, "ನಾವು ಇಲ್ಲದಿದ್ದರೆ ನಿಮ್ಮ ಗತಿ?" ಅಂದರೆ ಸಾಕು. ಮನೆಯೊಳಗಿನ ಪ್ರಶ್ನೆಗಳೂ ಈ ಭಯದ ಅಡಿಗೇ ಬೀಳುತ್ತವೆ. ಸಾರಾ ಅಬೂಬಕ್ಕರ್ 1984ರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಲ್ಲಿ ತಲಾಖಿಗೆ ಸಿಕ್ಕ ಹೆಣ್ಣಿನ ಸಂಕಟ ಬರೆದರು. ಆ ಹೆಣ್ಣಿಗೆ ಒಂದು ಪಕ್ಷದವರು ಮೌಲವಿಯನ್ನು ತೋರಿಸಿದರು, ಇನ್ನೊಂದು ಪಕ್ಷದವರು ಅವಳ ಕಣ್ಣೀರನ್ನು ಅವಳ ಅಣ್ಣತಮ್ಮಂದಿರ ವಿರುದ್ಧ ಆಯುಧ ಮಾಡಿಕೊಂಡರು. ಅವಳನ್ನು ಕೇಳಿದವರು ಯಾರು?

ನಮ್ಮ ಮೂರೂ ಊರುಗಳಲ್ಲಿ ಸಂಜೆ ಜಗಲಿಯಲ್ಲಿ ಸೂಪು ಹಿಡಿದು ಕೂತ ಹೆಂಗಸರನ್ನು ನೋಡಿ. ನಮ್ಮವಳು, ಬಿಲ್ಲವಳು, ಬ್ಯಾರ್ತಿ, ಕ್ರಿಶ್ಚನ್ ಬಾಯಿ, ಎಲ್ಲರೂ ಬೀಡಿ ಕಟ್ಟುವವರೇ. ಬ್ರಾಂಚಿನಲ್ಲಿ ಬೀಡಿ ಸರಿಯಿಲ್ಲವೆಂದು ತೆಗೆದುಹಾಕುವಾಗ ಜಾತಿ ನೋಡುವುದಿಲ್ಲ. ಕೆಮ್ಮೂ ನೋಡುವುದಿಲ್ಲ. ಬೀಡಿ ಕಾರ್ಮಿಕರಿಗೆಂದು 1966ರಲ್ಲೇ ಕಾನೂನು ಬಂದಿತ್ತು. ಅದು ಈ ಜಗಲಿಗಳಿಗೆ ಪೂರ್ತಿ ಬಂದು ಮುಟ್ಟಿತ್ತೇ ಎಂದು ಇವರನ್ನೇ ಕೇಳಿ.

ಓಟು ಬದಲಾಗುವುದಾದರೆ ಈ ಜಗಲಿಯಿಂದ ಬದಲಾಗಲಿ. ಡಿ.ಸಿ. ಮನ್ನಾ ಭೂಮಿ, ಬೀಡಿಯ ಕೂಲಿ, ಹೆಣ್ಣುಮಗುವಿನ ಕಾಲೇಜು, ರಾತ್ರಿ ಹೆದರದೆ ಮಲಗುವ ಹಕ್ಕು, ಇವನ್ನು ಒಂದೇ ಉಸಿರಿನಲ್ಲಿ ಕೇಳುವುದನ್ನು ನಾವೂ ಅವರೂ ಕಲಿಯಬೇಕು. ಆಗ ನಿಷ್ಠೆಯ ಲೆಕ್ಕ ಕೊಡಬೇಕಾದವರು ನಾವಲ್ಲ, ಪಕ್ಷಗಳು.